ಎರಡಾಣೆಯನ್ನು ಕಂಡ ಕಣ್ಣು

ಬಾಗಿಲಿಗೆ ಬಂದ ಗಿರಾಕಿಯನ್ನು ಚೆನ್ನಾಗಿ ನೋಡಿಕೊಳ್ಳುವವರು ಒಳ್ಳೆಯ ವ್ಯಾಪಾರಿಗಳು. ಬಾರದೇ ಉಳಿದವರು ಯಾರು, ಯಾಕೆ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಸಂಸ್ಥೆ ಕಟ್ಟುತ್ತಾರೆ. ಉಡುಪಿಯಲ್ಲಿ ನಡೆದದ್ದು ಈ ಎರಡನೆಯ ಕೆಲಸ.

1925ರಲ್ಲಿ ಅಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಶುರುವಾಯಿತು. ಕಟ್ಟಿದವರು ಮೂವರು: ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ನೆಲಕಚ್ಚಿದ್ದ ಕಾಲವದು. ನೇಕಾರರ ಕೈಗೆ ಒಂದಿಷ್ಟು ದುಡ್ಡು ಸಿಗುವಂತೆ ಮಾಡುವುದು ಅವರ ಉದ್ದೇಶ.

ಸಾಲ ಕೊಡಬೇಕಾದರೆ ಠೇವಣಿ ಬೇಕು. ಸಿರಿವಂತರನ್ನು ಹುಡುಕಿಕೊಂಡು ಹೋಗುವುದು ಸುಲಭದ ದಾರಿ. ಇವರು 1928ರಲ್ಲಿ ಬೇರೆ ದಾರಿ ಹಿಡಿದರು. ದಿನಗೂಲಿಯವರ ಕೈಯಲ್ಲಿ ದಿನವೂ ದುಡ್ಡು ಓಡಾಡುತ್ತದೆ, ಆದರೆ ಸಂಜೆಯವರೆಗೆ ನಿಲ್ಲುವುದಿಲ್ಲ. ಎರಡಾಣೆ ಕಟ್ಟಲು ಅರ್ಧ ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಯಾರು ಬರುತ್ತಾರೆ? ಹಾಗಾಗಿ ಬ್ಯಾಂಕೇ ಮನೆ, ಅಂಗಡಿಗಳ ಬಾಗಿಲಿಗೆ ಹೋಯಿತು. ಅದೇ ಪಿಗ್ಮಿ ಯೋಜನೆ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ ಮೂರು ಮುಕ್ಕಾಲು ರೂಪಾಯಿ, ವರ್ಷಕ್ಕೆ ನಲವತ್ತೈದು ರೂಪಾಯಿಗೂ ಮಿಗಿಲು. ಕಟ್ಟಿದವರಿಗೆ ಅದು ಆಪತ್ತಿಗೊದಗುವ ಗಂಟು. ಬ್ಯಾಂಕಿಗೆ ಸಾಲ ಕೊಡಲು ಬಂಡವಾಳ. ‘ಪಿಗ್ಮಿ ಕಟ್ಟುವುದು’ ಇವತ್ತಿಗೂ ನಮ್ಮ ಪೇಟೆಗಳ ದಿನನಿತ್ಯದ ಮಾತು.

ಇಲ್ಲಿ ಮುಂದಾಳುಗಳ ಮನೋಧರ್ಮ ಕಾಣುತ್ತದೆ. ಬಡವರಿಗೆ ಉಳಿತಾಯದ ಬುದ್ಧಿಯಿಲ್ಲ ಎಂದು ಅವರು ದೂರಲಿಲ್ಲ. ತೊಡಕು ಜನರಲ್ಲಿಲ್ಲ, ಬ್ಯಾಂಕಿನ ಪದ್ಧತಿಯಲ್ಲಿದೆ ಎಂದು ಕಂಡುಕೊಂಡರು. ಕಂಡದ್ದಕ್ಕೆ ತಕ್ಕ ಖರ್ಚು, ಶ್ರಮ ಎರಡನ್ನೂ ಹೊತ್ತರು. ಎರಡೆರಡಾಣೆಯ ಲೆಕ್ಕವನ್ನು ದಿನವೂ ಬರೆದಿಡುವುದು ಬೇಸರದ ಕೆಲಸ. ಹೊಸ ಯೋಚನೆ ಹೊಳೆಯುವುದಕ್ಕಿಂತ ಅಂಥ ಬೇಸರವನ್ನು ವರ್ಷಗಟ್ಟಲೆ ತಾಳಿಕೊಳ್ಳುವುದು ಕಷ್ಟ. ಬಹುಪಾಲು ಉದ್ಯಮಗಳು ಸೋಲುವುದು ಈ ಎರಡನೆಯ ಮೆಟ್ಟಿಲಲ್ಲೇ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬಿಸಿಲು ಮಳೆಯೆನ್ನದೆ ಮನೆ ಮನೆ ತಿರುಗಿ ದುಡ್ಡು ಕೂಡಿಸಿದ ಪಿಗ್ಮಿ ಏಜೆಂಟರಿಗೆ ಸಿಗುತ್ತಿದ್ದದ್ದು ಕಮಿಷನ್. ಇವರು ನೌಕರರೇ ಅಲ್ಲ ಎಂಬುದು ಬ್ಯಾಂಕುಗಳ ವಾದ. ಠೇವಣಿ ಸಂಗ್ರಾಹಕರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ.

ಗಿರಾಕಿಯ ಎರಡಾಣೆಯನ್ನು ಕಾಣುವುದು ದೊಡ್ಡ ಗುಣ, ಅದರಲ್ಲಿ ಲಾಭವೂ ಇದೆ. ಆ ಎರಡಾಣೆಯನ್ನು ಹೊತ್ತು ತರುವವರ ಪಾಲು ಎಷ್ಟು ಎಂದು ಕೇಳಿಕೊಳ್ಳುವುದರಲ್ಲಿ ತಕ್ಷಣದ ಲಾಭವಿಲ್ಲ. ಮನೆ ಬಾಗಿಲಿಗೆ ಸಾಮಾನು ತಲುಪಿಸುವ ಹುಡುಗರ ಮೇಲೆ ನಿಂತಿರುವ ಇಂದಿನ ಕಂಪನಿಗಳ ಯಜಮಾನರು ಕೋರ್ಟು ಹೇಳುವ ಮುಂಚೆಯೇ ಅದನ್ನು ಕೇಳಿಕೊಂಡರೆ, ಅವರನ್ನು ಮುಂದಾಳು ಎನ್ನಲು ಅಡ್ಡಿಯಿಲ್ಲ.