ಸಣ್ಣ ಅಲೆಗೆ ದೊಡ್ಡ ಹಲಗೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೂ ಸರ್ಫಿಂಗಿಗೂ ಏನ್ ಸಂಬಂಧ ಅಂತ ನೀವು ಕೇಳಬಹುದು. ನಮ್ಮಲ್ಲಿ ಇರೋದು ಭೀಮಾ ನದಿ, ಅಮರ್ಜಾ ಡ್ಯಾಮು, ಸೊನ್ನ ಬ್ಯಾರೇಜು. ಅಲೆ ಅಂದ್ರ ಗಾಳಿಗೆ ನೀರ ಮೇಲೆ ಏಳೋ ಗೆರೆ, ಅಷ್ಟೇ. ಆದರೂ ಹಲಗೆ ಆರಿಸೋ ಪಾಠದಲ್ಲಿ ಅರ್ಧವನ್ನು ನಾವು ಹೊಲದ ಬಾವಿಯಲ್ಲೇ ಕಲಿತಿದ್ದೆವು. ಕರಾವಳಿಗೆ ಹೋದಾಗ ಅದು ನೆನಪಾಗಲಿಲ್ಲ.

ಹೋದದ್ದು ಮೂಲ್ಕಿ ಕಡೆಗೆ. 'ಸರ್ಫಿಂಗ್ ಸ್ವಾಮಿ' ಅಂತಲೇ ಹೆಸರಾದ ಜಾಕ್ ಹೆಬ್ನರ್ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದ ಊರು ಅದು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಮಳೆಗಾಲ ಮುಗಿದ ಮೇಲೆ ಅಲ್ಲಿನ ಅಲೆ ಸಣ್ಣದು, ಸಾಧು. ಕಲಿಯೋರಿಗೆ ಅದೇ ಬೇಕು. ನಮಗೆ ಒಂಬತ್ತು ಅಡಿಯ ಸ್ಪಂಜಿನಂಥ ಹಲಗೆ ಕೊಡೋಕೆ ಬಂದರು. "ಇದು ಹುಡುಗರ ಹಲಗಿ ಅನಸ್ತದ್ರಿ" ಅಂದು, ವಿಡಿಯೋದಲ್ಲಿ ನೋಡಿದಂಥ ಆರಡಿಯ ಚೂಪು ಹಲಗೆಯನ್ನೇ ಹಟ ಮಾಡಿ ತಗೊಂಡೆವು. ನಾಲ್ಕು ಜನ, ಇಡೀ ದಿನ. ಒಬ್ಬನೂ ಒಂದು ಸಲ ಎದ್ದು ನಿಲ್ಲಲಿಲ್ಲ. ಉಳಿಸಿಟ್ಟಿದ್ದ ರೊಕ್ಕ ನೀರಿಗೆ ಹೋಯಿತು.

ಈಗ ಬಾವಿಗೆ ಬರೋಣ. ಈಜು ಕಲಿಸುವಾಗ ಕಾಕಾ ಮೊದಲು ಹುಡುಗನ ಮೈ ನೋಡ್ತಿದ್ರು. ಕಡ್ಡಿ ಹಂಗ ಇದ್ದವನ ಬೆನ್ನಿಗೆ ಒಂದು ಬೆಂಡು, ಗುಂಡಗಿದ್ದವನಿಗೆ ಎರಡು. ಈಗ ಬೆಂಡಿನ ಜಾಗಕ್ಕೆ ಖಾಲಿ ಕ್ಯಾನು ಬಂದಿದೆ, ಲೆಕ್ಕ ಮಾತ್ರ ಅದೇ ಆರ್ಕಿಮಿಡೀಸನದು. ಸರ್ಫ್‌ಬೋರ್ಡೂ ಒಂದು ಬೆಂಡೇ. ಅದು ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬಲ್ಲದೋ ಹೆಚ್ಚುಕಡಿಮೆ ಅಷ್ಟು ಕಿಲೋ ಹೊರುತ್ತದೆ, ತನ್ನ ತೂಕವೂ ಸೇರಿ. ಹಾಗಾಗಿ ಉದ್ದಕ್ಕಿಂತ ಮೊದಲು ಕೇಳಬೇಕಾದ್ದು ಲೀಟರ್. ಹಲಗೆಯ ಮೇಲೆ ಬರೆದಿಲ್ಲವೇ? ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿ. ತುದಿಗಳು ಸಣ್ಣಗಾಗುವುದರಿಂದ ಅದರಲ್ಲಿ ಶೇ. 60ರಷ್ಟು ಹಿಡಿಯಿರಿ. 9 ಅಡಿ ಉದ್ದ, ಇಪ್ಪತ್ತೆರಡೂವರೆ ಇಂಚು ಅಗಲ, 3 ಇಂಚು ದಪ್ಪದ ಹಲಗೆಗೆ ಸುಮಾರು 72 ಲೀಟರ್ ಬರುತ್ತದೆ. 6 ಅಡಿ, ಹದಿನೆಂಟೂವರೆ ಇಂಚು, ಎರಡೂಕಾಲು ಇಂಚಿನದಕ್ಕೆ ಸುಮಾರು 29. ನಮ್ಮಲ್ಲಿ ಹಗುರ ಇದ್ದವನೇ 58 ಕಿಲೋ! ಮಲಗಿದರೆ ಎದೆ, ಹೊಟ್ಟೆ ಎಲ್ಲಾ ನೀರೊಳಗೆ. ಕೈ ಬಡಿದಷ್ಟೂ ನೀರೇ ಎಳೆದು ನಿಲ್ಲಿಸುತ್ತಿತ್ತು.

ಹಂಗಾದ್ರ ಚಾಂಪಿಯನ್ನುಗಳು ಅದೇ 29 ಲೀಟರಿನ ಮೇಲೆ ಹೇಗೆ ನಿಲ್ತಾರೆ? ಅವರನ್ನು ಎತ್ತಿ ಹಿಡಿಯೋದು ಬೆಂಡಲ್ಲ, ವೇಗ. ಓಡುವ ಹಲಗೆಯನ್ನು ನೀರು ಕೆಳಗಿನಿಂದ ಒತ್ತುತ್ತದೆ. ಆ ಒತ್ತು ಹಲಗೆಯ ತಳದ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ತಕ್ಕಂತೆ ಇರುತ್ತದೆ. ವೇಗ ಕೊಡಬೇಕಾದ್ದು ಅಲೆ. ದಡದ ಹತ್ತಿರ ಅಲೆಯ ವೇಗ ಅಂದರೆ ನೀರಿನ ಆಳವನ್ನು ಗುರುತ್ವದಿಂದ ಗುಣಿಸಿದ್ದರ ವರ್ಗಮೂಲ. ಅಲೆ ಒಡೆಯೋದು ತನ್ನ ಎತ್ತರ ಆಳದ 0.78 ಪಟ್ಟು ಆಗುವ ಹೊತ್ತಿಗೆ. ಅರ್ಧ ಮೀಟರ್ ಅಲೆಗೆ ಹಾಕಿ ನೋಡಿ, ಸೆಕೆಂಡಿಗೆ ಎರಡೂವರೆ ಮೀಟರ್. ಎರಡು ಮೀಟರ್ ಅಲೆಗೆ ಐದು. ವೇಗ ಅರ್ಧಕ್ಕಿಳಿದರೆ ಅದೇ ಹಲಗೆಗೆ ಸಿಗೋ ಎತ್ತುವ ಬಲ ಕಾಲು ಭಾಗ. ಆ ಕೊರತೆಯನ್ನು ವಿಸ್ತೀರ್ಣದಿಂದಲೇ ತುಂಬಬೇಕು, ಬ್ಯಾರೆ ದಾರಿ ಇಲ್ಲ. ದೊಡ್ಡ ಹಲಗೆ ಹುಡುಗರಿಗೆ ಅಂತ ಅಲ್ಲ, ನಿಧಾನದ ಅಲೆಗೆ ಅಂತ.

ಆಕಾರವೂ ಇದನ್ನೇ ಹೇಳುತ್ತದೆ. ಮೂತಿ ಬಾಳೆಹಣ್ಣಿನಂತೆ ಮೇಲಕ್ಕೆ ಬಾಗಿದ್ದರೆ ಕಡಿದಾದ ಅಲೆಗೆ ಚಂದ, ಸಪ್ಪೆ ಅಲೆಯಲ್ಲಿ ಅದು ನೀರನ್ನು ತಳ್ಳುತ್ತಾ ನಿಂತುಬಿಡುತ್ತದೆ. ತಳ ಚಪ್ಪಟೆ, ಬಾಲ ಅಗಲ ಇರಲಿ. ಪಳಗಿದವರು ಸಣ್ಣ ಅಲೆಗೆ 'ಫಿಶ್' ಅನ್ನೋ ಗಿಡ್ಡ ಹಲಗೆ ಹಿಡೀತಾರೆ, ಅದು ಗಿಡ್ಡವಾದರೂ ಅಗಲ, ದಪ್ಪ ಎರಡೂ ಇರ್ತದೆ. ಮೊದಲ ಸಲದವರಿಗೆ ಮೆತ್ತನೆಯ ಫೋಮಿನ, 8ರಿಂದ 9 ಅಡಿಯದೇ ಸರಿ. ನಿಮ್ಮ ಕಿಲೋಗಿಂತ ಲೀಟರ್ ಹತ್ತಾದರೂ ಹೆಚ್ಚಿರಲಿ. ತೂಕ ಕೇಳಿದಾಗ ಹಾಸ್ಟೆಲಿಗೆ ಸೇರಿದಾಗಿನದನ್ನು ಹೇಳಬೇಡಿ, ಮೆಸ್ ಊಟದ ಮೇಲಿನದನ್ನು ಹೇಳಿ.

ದೊಡ್ಡದರಲ್ಲಿ ತಾಪತ್ರಯ ಇಲ್ಲ ಅಂತಲ್ಲ. ತಿರುಗಿಸೋದು ಕಷ್ಟ, ಅಲೆ ಹೊಡೆದಾಗ ಅದೇ ಹಲಗೆ ಬಂದು ಮುಖಕ್ಕೆ ಬಡಿಯುತ್ತದೆ. ಅದನ್ನು ನಿಮ್ಮ ಮತ್ತು ಬರುವ ಅಲೆಯ ನಡುವೆ ಇಟ್ಟುಕೊಳ್ಳಬೇಡಿ. ಕಾಲಿಗೆ ಕಟ್ಟೋ ಹಗ್ಗ ಬಿಚ್ಚಬೇಡಿ, ಆದರೆ ಅದನ್ನೇ ನಂಬಿಕೊಂಡೂ ಇಳಿಯಬೇಡಿ, ತುಂಡಾಗೋದುಂಟು. ಬಾವಿ ಈಜು ಬಂದವರಿಗೂ ಸಮುದ್ರದ ಸೆಳೆತ ಹೊಸದು, ಕಲಿಸುವವರಿಲ್ಲದೆ ನೀರಿಗೆ ಇಳಿಯಲೇಬೇಡಿ.

ಹಲಗೆ ಕೈಗೆ ಬಂದ ಮೇಲೆ ಸೊಂಟದ ನೀರಿನಲ್ಲಿ ಅದರ ಮೇಲೆ ಮಲಗಿ ನೋಡಿ. ಮೂತಿ ನೀರಿನಿಂದ ಒಂದೆರಡು ಇಂಚು ಮೇಲಿದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಮುಳುಗಿದರೆ ಹಿಂದಕ್ಕೆ ಸರಿಯಿರಿ, ತೀರಾ ಎದ್ದು ನಿಂತರೆ ಮುಂದಕ್ಕೆ. ಎಲ್ಲಿ ಮಲಗಿದರೂ ಹೊಟ್ಟೆ ನೀರಲ್ಲೇ ಇದ್ದರೆ ನಾಚಿಕೆಪಡದೆ ದಡಕ್ಕೆ ಹೋಗಿ ದೊಡ್ಡದನ್ನು ಕೇಳಿ. ಎರಡನೇ ದಿನ ನಾವು ಮಾಡಿದ್ದೂ ಅದನ್ನೇ, ಮಧ್ಯಾಹ್ನದೊಳಗೆ ಮೂವರು ಎದ್ದು ನಿಂತಿದ್ದರು.