ಸದ್ದಿಲ್ಲದೆ ಏರುವ ರಕ್ತದ ಒತ್ತಡ

ಜ್ವರ ಬಂದರೆ ಮೈ ಬಿಸಿಯಾಗುತ್ತದೆ; ಹಲ್ಲು ಹುಳುಕಾದರೆ ನೋಯುತ್ತದೆ. ರಕ್ತದ ಒತ್ತಡ ಏರಿದಾಗಲಾದರೋ ದೇಹವು ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಈ ಮೌನದಲ್ಲಿಯೇ ಅಪಾಯವಡಗಿದೆ.

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಉದಾಹರಣೆಯನ್ನು ನೋಡೋಣ. 1935ರಲ್ಲಿ ಅವರ ರಕ್ತದ ಒತ್ತಡ 136/78 ಇದ್ದಿತು. 1941ರಲ್ಲಿ 188/105ಕ್ಕೆ ಏರಿತು. ವಯಸ್ಸಾದಂತೆ ಒತ್ತಡ ಏರುವುದು ಸಹಜವೆಂದೇ ಅಂದಿನ ಅನೇಕ ವೈದ್ಯರು ನಂಬಿದ್ದರು. ಅದನ್ನು ಇಳಿಸಲು ತಕ್ಕ ಔಷಧಗಳೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಅವರು ತಲೆಯಲ್ಲಿ ತಾಳಲಾರದ ನೋವೆಂದು ನುಡಿದು ಪ್ರಜ್ಞೆ ತಪ್ಪಿದರು. ಆಗ ಒತ್ತಡ 300/190ನ್ನು ಮೀರಿದ್ದಿತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ಮರಣಹೊಂದಿದರು.

ಈ ಅಂಕಿಗಳ ಅರ್ಥವೇನು? ಹೃದಯವು ಸಂಕುಚಿಸಿ ರಕ್ತವನ್ನು ಹೊರದೂಡಿದಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡ ಮೊದಲನೆಯದು. ಹೃದಯವು ಸಡಿಲಗೊಂಡಾಗ ಉಳಿಯುವ ಒತ್ತಡ ಎರಡನೆಯದು. ಎರಡನ್ನೂ ಪಾದರಸದ ಮಿಲಿಮೀಟರುಗಳಲ್ಲಿ ಹೇಳುತ್ತೇವೆ. ವಯಸ್ಕರಲ್ಲಿ 120/80ರ ಆಸುಪಾಸು ಇರುವುದು ಆರೋಗ್ಯಕರ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ, ನಮ್ಮ ದೇಶದ ವೈದ್ಯರು ಅದನ್ನು ಅಧಿಕ ಒತ್ತಡವೆಂದು ಗಣಿಸುತ್ತಾರೆ. ಅಧಿಕ ಒತ್ತಡವು ವರ್ಷಗಟ್ಟಲೆ ಮುಂದುವರಿದರೆ ಧಮನಿಗಳ ಒಳಪೊರೆಗೆ ಹಾನಿಯಾಗುತ್ತದೆ. ಅಲ್ಲಿ ಕೊಲೆಸ್ಟರಾಲು ಶೇಖರವಾಗಿ, ಹೂಳು ತುಂಬಿದ ನಾಲೆಯಂತೆ ರಕ್ತದ ದಾರಿ ಕಿರಿದಾಗುತ್ತದೆ.

ಇದೆಲ್ಲವೂ ತಿಳಿದುಬಂದದ್ದು ತಾಳ್ಮೆಯ ಫಲವಾಗಿ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಆರಂಭವಾಯಿತು. ಅದರಲ್ಲಿ 5,209 ಸ್ತ್ರೀಪುರುಷರನ್ನು ಎರಡೆರಡು ವರ್ಷಗಳಿಗೊಮ್ಮೆ ಪರೀಕ್ಷಿಸುತ್ತ ಬಂದರು. ಅಧಿಕ ಒತ್ತಡ ಮತ್ತು ಅಧಿಕ ಕೊಲೆಸ್ಟರಾಲು ಇದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1961ರಲ್ಲಿ ಪ್ರಕಟವಾಯಿತು. ಧೂಮಪಾನ, ಸಕ್ಕರೆ ಕಾಯಿಲೆಗಳೂ ಮುಂದೆ ಈ ಪಟ್ಟಿಗೆ ಸೇರಿದವು. ಇವು ಒಬ್ಬನಲ್ಲೇ ಕೂಡಿಕೊಂಡಾಗ ಅಪಾಯವು ಇನ್ನೂ ಬೆಳೆಯುತ್ತದೆ.

ಆದುದರಿಂದಲೇ ಇಂದು ಕುಟುಂಬವೈದ್ಯರು ಒಂದೇ ಅಂಕಿಯನ್ನು ನೋಡಿ ಸುಮ್ಮನಾಗುವುದಿಲ್ಲ. ವಯಸ್ಸು, ಬೀಡಿ ಸಿಗರೇಟಿನ ಅಭ್ಯಾಸ, ರಕ್ತದಲ್ಲಿನ ಸಕ್ಕರೆ, ಕೊಲೆಸ್ಟರಾಲು ಎಲ್ಲವನ್ನೂ ಕೂಡಿಸಿ ತೂಗುತ್ತಾರೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು, ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ, ಬೇಕಾದವರಿಗೆ ಮಾತ್ರೆ: ಚಿಕಿತ್ಸೆ ಇಷ್ಟು ಸರಳ. ಆದರೆ ನೋವಿಲ್ಲದ ರೋಗಕ್ಕೆ ನಿತ್ಯವೂ ಮಾತ್ರೆ ನುಂಗುವುದು ಸುಲಭವಲ್ಲ. “ಈಗ ಚೆನ್ನಾಗಿದ್ದೇನಲ್ಲ” ಎಂದು ಅದನ್ನು ನಿಲ್ಲಿಸುವವರು ಬಹಳ ಮಂದಿ. ನಿಲ್ಲಿಸಿದೊಡನೆ ಒತ್ತಡವು ಮತ್ತೆ ಸದ್ದಿಲ್ಲದೆ ಏರತೊಡಗುತ್ತದೆ.

ಪರೀಕ್ಷೆಯ ಅಂಕಗಳು ನಮಗೆಲ್ಲ ಬಾಯಿಪಾಠವಾಗಿರುತ್ತವೆ. ಮನೆಯ ಹಿರಿಯರ ರಕ್ತದ ಒತ್ತಡ ಎಷ್ಟೆಂದು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?