ಇಬಿಸಾದ ಬಿಳಿಮನೆ: ತೊಟ್ಟಿಯ ನೀರಿನಿಂದ ಈಜುಕೊಳದವರೆಗೆ

ಸ್ಪೇನಿನ ಪೂರ್ವಕ್ಕೆ ಮೆಡಿಟರೇನಿಯನ್ ಸಮುದ್ರದಲ್ಲಿರುವ ಇಬಿಸಾ ದ್ವೀಪದ ಒಳನಾಡಿನಲ್ಲಿ ಈಗ ಮಾರಾಟಕ್ಕೆಂದೇ ಕಟ್ಟಲಾಗುವ ಹೊಸ ‘ಫಿಂಕಾ’ಗಳು, ಅಂದರೆ ಜಮೀನಿನ ನಡುವಣ ಹಳ್ಳಿಮನೆಗಳು, ಸುಣ್ಣ ಬಳಿದ ದಪ್ಪ ಗೋಡೆ, ಚಿಕ್ಕ ಕಿಟಕಿ, ಚಪ್ಪಟೆ ಮಾಳಿಗೆ ಮತ್ತು ಒರಟು ತೊಲೆಗಳಿಂದಾಗಿ ಸಾಂಪ್ರದಾಯಿಕವೆಂಬ ಮನ್ನಣೆ ಪಡೆಯುತ್ತವೆ. ಈ ಲಕ್ಷಣಗಳ ಮೂಲವನ್ನು ಅರಸಿದರೆ, ಮಳೆ ಕಡಿಮೆಯಾದ, ಉದ್ದನೆಯ ಮರ ಸುಲಭವಾಗಿ ಸಿಗದ ನೆಲದಲ್ಲಿ ಬೇಸಾಯ ಮಾಡಿದವರ ವಿವೇಕ ಗೋಚರಿಸುತ್ತದೆ.

ಹಳೆಯ ಮನೆಯ ಕೇಂದ್ರ ‘ಪೋರ್ಷೊ’ ಎಂಬ ಉದ್ದನೆಯ ನಡುಮನೆ. ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖಮಾಡಿದ ಇದರ ಸುತ್ತ ಅಡುಗೆಮನೆಯೂ ಮಲಗುವ ಕೋಣೆಗಳೂ ಇರುತ್ತಿದ್ದು, ಕುಟುಂಬ ಬೆಳೆದಂತೆಲ್ಲ ಪಕ್ಕಕ್ಕೆ ಮತ್ತೊಂದು ಕೋಣೆ ಸೇರುತ್ತಿತ್ತು. ‘ಸಬೀನಾ’ ಎಂದು ಕರೆಯುವ ಜುನಿಪರ್ ಜಾತಿಯ ಮರದ ತೊಲೆ ಎಷ್ಟು ಉದ್ದವೋ ಕೋಣೆಯ ಅಗಲವೂ ಅಷ್ಟೇ. ತೊಲೆಗಳ ಮೇಲೆ ಹಲಗೆ, ಅದರ ಮೇಲೆ ದಡಕ್ಕೆ ಬಂದು ಒಣಗಿದ ‘ಪೊಸಿಡೋನಿಯಾ’ ಎಂಬ ಕಡಲ ಹುಲ್ಲು, ಆಮೇಲೆ ಬೂದಿ, ಕೊನೆಗೆ ಗಟ್ಟಿಸಿದ ಜೇಡಿಮಣ್ಣು: ಹೀಗೆ ರೂಪುಗೊಂಡ ಮಾಳಿಗೆ ಬಿಸಿಲನ್ನು ತಡೆಯುವುದರ ಜೊತೆಗೆ ಮಳೆನೀರನ್ನು ಹಿಡಿದು ತೊಟ್ಟಿಗೆ ಹರಿಸುತ್ತಿತ್ತು. ಶಿಲ್ಪಿಯ ಹೆಸರಿಲ್ಲದ ಈ ಜೋಡಣೆಯಲ್ಲಿರುವ ಬುದ್ಧಿವಂತಿಕೆ ಯಾವ ದೊಡ್ಡ ಕಟ್ಟಡಕ್ಕೂ ಕಡಿಮೆಯದಲ್ಲ.

1930ರ ದಶಕದಲ್ಲಿ ಹೊರಗಿನವರ ಕಣ್ಣು ಇದರ ಮೇಲೆ ಬಿತ್ತು. 1933ರಿಂದ 1936ರವರೆಗೆ ದ್ವೀಪದಲ್ಲಿದ್ದ ಕಲಾವಿದ ರೌಲ್ ಹೌಸ್‌ಮನ್ ಈ ಮನೆಗಳ ಛಾಯಾಚಿತ್ರ ತೆಗೆದು ರಚನೆಯನ್ನು ಅಭ್ಯಸಿಸಿದರೆ, ಬಾರ್ಸಿಲೋನಾದ ಆಧುನಿಕ ವಾಸ್ತುಶಿಲ್ಪಿಗಳು ತಮ್ಮ ‘ಎ.ಸಿ.’ ಪತ್ರಿಕೆಯಲ್ಲಿ ಇವುಗಳ ಅಲಂಕಾರರಹಿತ ಘನಾಕೃತಿಯನ್ನು ಎತ್ತಿಹಿಡಿದರು. 1956ರಲ್ಲಿ ಬಂದು ನೆಲೆಸಿದ ಕೆನಡಾದ ರಾಲ್ಫ್ ಬ್ಲಾಕ್‌ಸ್ಟಾಡ್ ಇವುಗಳ ಬೇರು ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿದೆಯೆಂದು ವಾದಿಸಿ, ಹಳೆಯ ಮನೆಗಳನ್ನು ದುರಸ್ತಿ ಮಾಡಿದರಲ್ಲದೆ ಅದೇ ಕ್ರಮದಲ್ಲಿ ಹೊಸವನ್ನೂ ವಿನ್ಯಾಸಗೊಳಿಸಿದರು. ಪ್ರವಾಸೋದ್ಯಮ ಬೆಳೆದ ಮೇಲೆ ರೈತನ ಮನೆಯ ಆಕಾರವೇ ಸಿರಿವಂತರು ಬಯಸುವ ಶೈಲಿಯಾಯಿತು.

ತಲೆಮಾರುಗಳಲ್ಲಿ ಬೆಳೆಯುತ್ತಿದ್ದ ಮನೆ ಈಗ ಒಮ್ಮೆಗೇ ಪೂರ್ಣಗೊಳ್ಳುತ್ತದೆ. ಭಾರವನ್ನು ಕಾಂಕ್ರೀಟು ಹೊರುವಲ್ಲಿ ತೊಲೆ ಬರಿಯ ಅಲಂಕಾರವಾಗುತ್ತದೆ, ತೊಟ್ಟಿಯಲ್ಲಿ ಹನಿಹನಿಯಾಗಿ ನೀರು ಕೂಡಿಟ್ಟ ನೆಲದಲ್ಲೇ ಈಜುಕೊಳ ತೆರೆದುಕೊಳ್ಳುತ್ತದೆ. ಇಂಥ ಮನೆಯನ್ನು ಸಾಂಪ್ರದಾಯಿಕವೆಂದು ಒಪ್ಪುವುದು ಕಷ್ಟ. ಅದಕ್ಕಿಂತ ಹೆಚ್ಚಿನ ನಿಷ್ಠೆ ಕಾಣುವುದು ನೆರೆಯ ಫೊರ್ಮೆಂಟೆರಾ ದ್ವೀಪದಲ್ಲಿ, ಈ ದ್ವೀಪಗಳು ಸೇರಿದ ಬಾಲಿಯಾರಿಕ್ ದ್ವೀಪಸಮೂಹದ ಸರ್ಕಾರದ ವಸತಿ ಸಂಸ್ಥೆ ಕಟ್ಟಿಸಿದ 14 ಸಾಮಾಜಿಕ ವಸತಿಗಳಲ್ಲಿ: ಅವುಗಳ ಮಾಳಿಗೆಯಲ್ಲಿ ಶಾಖವನ್ನು ತಡೆಯುತ್ತಿರುವುದು ಒಣಗಿಸಿದ ಅದೇ ಕಡಲ ಹುಲ್ಲು.